ಆ ಒಂದು ಸ್ಟೀಲ್ ಗಿಟಾರ್

ಜನವರಿ 19, 2024, ಶುಕ್ರವಾರ

ಇವತ್ತು ಅಮೆರಿಕದ ಗಾಯಕಿ ಡಾಲಿ ಪಾರ್ಟನ್‌ಗೆ 78 ತುಂಬಿತು. ಬೆಳಗ್ಗೆಯಿಂದ ಅವರ ಹಾಡೇ ಹಾಡು. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಈಗ ಮನೆಯವರೆಲ್ಲ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು. ಅದರಲ್ಲೂ 1977ರ 'ಹಿಯರ್ ಯು ಕಮ್ ಅಗೇನ್' ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಪಿಯಾನೋದಿಂದ ಶುರುವಾಗುವ ಹಾಡು ಅದು. ಪಕ್ಕಾ ಪಾಪ್. ಬರೆದವರೂ ಡಾಲಿ ಅಲ್ಲ, ಬ್ಯಾರಿ ಮನ್ ಮತ್ತು ಸಿಂಥಿಯಾ ವೈಲ್ ದಂಪತಿ. ವರ್ಷಗಟ್ಟಲೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಹಾಡಿಕೊಂಡು ಬಂದವರಿಗೆ ಅಳುಕು ಇರಲ್ವಾ? ನಮ್ಮ ಜನ 'ನಮ್ಮನ್ನು ಬಿಟ್ಟುಹೋದಳು' ಅಂದರೆ? ಅದಕ್ಕೇ ಪ್ರೊಡ್ಯೂಸರ್ ಗ್ಯಾರಿ ಕ್ಲೈನ್ ಹತ್ತಿರ ಹೇಳಿ ಒಂದು ಸ್ಟೀಲ್ ಗಿಟಾರ್ ಸೇರಿಸಿಕೊಂಡರು. ಅದು ಕಂಟ್ರಿ ಸಂಗೀತದ ಗುರುತಿನ ವಾದ್ಯ. ಯಾರಾದರೂ ಕೇಳಿದರೆ, ನೋಡಿ, ಕಂಟ್ರಿ ಇಲ್ಲಿದೆ ಅಂತ ತೋರಿಸಲು. ಇವತ್ತು ಅದನ್ನೇ ಹುಡುಕುತ್ತಾ ಕೂತಿದ್ದೆ. ದನಿಯ ಹಿಂದೆ ಮೆಲ್ಲಗೆ, ತಂತಿಯ ಮೇಲೆ ಲೋಹದ ತುಂಡು ಜಾರಿದಾಗ ಬರುವ ಆ ಎಳೆತ. ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಬಿಡುವುದಿಲ್ಲ. ಹಾಡು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯಿತು, ಪಾಪ್ ಪಟ್ಟಿಯಲ್ಲಿ 3ಕ್ಕೆ.

'9 ಟು 5' ಇನ್ನೂ ಖುಷಿ. ಅದೇ ಹೆಸರಿನ ಸಿನಿಮಾದ ಸೆಟ್ಟಿನಲ್ಲಿ ಕೂತು ತಮ್ಮ ಉದ್ದನೆಯ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರ್ ಸದ್ದು ಬಂತಂತೆ. ಆ ತಾಳಕ್ಕೇ ಹಾಡು ಕಟ್ಟಿದರು. ರೆಕಾರ್ಡಿಂಗ್‌ನಲ್ಲೂ ಆ ಉಗುರಿನ ಸದ್ದಿದೆ. 1981ರಲ್ಲಿ ಅದು ಕಂಟ್ರಿ, ಪಾಪ್ ಎರಡರಲ್ಲೂ 1ನೇ ಸ್ಥಾನ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಬೇರೆ ಕಥೆ. ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮದಲ್ಲಿ ಡಾಲಿ 1967ರಿಂದ ಹಾಡುತ್ತಿದ್ದರು. ಬಿಟ್ಟು ಹೊರಡಬೇಕು ಅನ್ನಿಸಿತು. ಬಾಯಲ್ಲಿ ಹೇಳಿದರೆ ಜಗಳವೇ ಆಗುತ್ತಿತ್ತು. ಹಾಗಾಗಿ ಹಾಡು ಬರೆದರು, 'ಐ ವಿಲ್ ಆಲ್ವೇಸ್ ಲವ್ ಯು'. 1974ರಲ್ಲಿ ಅದೂ ಕಂಟ್ರಿಯಲ್ಲಿ 1ನೇ ಸ್ಥಾನ. ರಾಕ್ ಸಂಗೀತದ ದೊಡ್ಡ ತಾರೆ ಎಲ್ವಿಸ್ ಪ್ರೆಸ್ಲಿ ತಾವೂ ಅದನ್ನು ಹಾಡುತ್ತೇನೆ ಅಂದರು. ಡಾಲಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆಗ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಪಾರ್ಕರ್ ಒಂದು ಷರತ್ತು ಹಾಕಿದರು: ಹಾಡಿನ ಹಕ್ಕಿನಲ್ಲಿ ಅರ್ಧ ನಮಗೆ ಕೊಡಬೇಕು.

ಟೆನೆಸ್ಸಿಯ ಗುಡ್ಡದ ಮೇಲಿನ ಒಂದೇ ಕೋಣೆಯ ಮನೆಯಿಂದ ಬಂದವರು ಈಕೆ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಫೀಸು ಕೊಡಲು ದುಡ್ಡಿಲ್ಲದೆ ಅಪ್ಪ ಒಂದು ಮೂಟೆ ಜೋಳದ ಹಿಟ್ಟು ಕೊಟ್ಟಿದ್ದರು. ಅಂಥ ಮನೆಯ ಮಗಳು ಎಲ್ವಿಸ್‌ಗೆ ಆಗಲ್ಲ ಅಂದರು! ಆ ರಾತ್ರಿಯೆಲ್ಲ ಅತ್ತರಂತೆ. ಆದರೂ ಮಾತು ಬದಲಿಸಲಿಲ್ಲ. ಮನೆಯವರಿಗೆ ಬಿಟ್ಟುಹೋಗಬೇಕಾದ ಆಸ್ತಿ ಅದು ಅಂತ ಅವರಿಗೆ ಗೊತ್ತಿತ್ತು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಹಾಡಿದರು. ಅಮೆರಿಕದ ಪಟ್ಟಿಯಲ್ಲಿ 14 ವಾರ 1ನೇ ಸ್ಥಾನ ಬಿಟ್ಟು ಇಳಿಯಲಿಲ್ಲ. ಹಕ್ಕು ಡಾಲಿಯದೇ. ಕಾರು ಓಡಿಸುತ್ತಿದ್ದಾಗ ಡಾಲಿ ಅದನ್ನು ರೇಡಿಯೋದಲ್ಲಿ ಮೊದಲ ಸಲ ಕೇಳಿದರಂತೆ. ಮೊದಲ ಸಾಲುಗಳಲ್ಲಿ ವಾದ್ಯವೇ ಇಲ್ಲ, ಬರೀ ದನಿ. ಎಲ್ಲೋ ಕೇಳಿದ್ದೇನಲ್ಲ ಅಂದುಕೊಳ್ಳುವಷ್ಟರಲ್ಲಿ ಪಲ್ಲವಿ ಬಂತು. ಕೈ ತಪ್ಪುವಂತಾಗಿ, ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ, ಪೂರ್ತಿ ಕೇಳಿದರು.