ಮಂಗಳೂರಿನಿಂದ ಮಲ್ಪೆಗೆ, ಧ್ರುವಗಳ ಮಾತಾಡುತ್ತ

ಕರಾವಳಿಗೆ ಡಿಸೆಂಬರ್‌ನಲ್ಲಿ ಹೋಗಬೇಕು. ಮಳೆ ಮುಗಿದಿರುತ್ತದೆ, ಸೆಕೆ ಅಷ್ಟಾಗಿ ಕಾಡುವುದಿಲ್ಲ. ಅದೃಷ್ಟವಿದ್ದರೆ ಸಂಜೆ ಹೊತ್ತು ಕಡಲಿನ ಅಂಚು ಚೊಕ್ಕವಾಗಿ ಕಾಣುತ್ತದೆ. ಈ ಸಲ ನಮಗೆ ಬೇಕಾಗಿದ್ದದ್ದು ಆ ಅಂಚೇ.

ಜೊತೆಗಿದ್ದವನು ತಂಗಿಯ ಮಗ. ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷ, ಚುರುಕು ಹುಡುಗ. ಕೆಲವು ತಿಂಗಳಿಂದ ಮೊಬೈಲಿನಲ್ಲಿ ಬರುವ ವಿಡಿಯೊಗಳನ್ನು ನೋಡಿ ಒಂದು ವಿಷಯ ಹಿಡಿದುಕೊಂಡಿದ್ದ. ಅಂಟಾರ್ಕ್ಟಿಕಾ ಅಂತ ಒಂದು ಖಂಡವೇ ಇಲ್ಲ, ಅದು ಚಪ್ಪಟೆ ಭೂಮಿಯ ಸುತ್ತ ನಿಂತಿರುವ ಹಿಮದ ಗೋಡೆ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ. ಧ್ರುವಕ್ಕೆ ಹೋಗಿ ಬಂದೆವು ಅನ್ನುವವರೆಲ್ಲ ಸುಳ್ಳು ಹೇಳಿದ್ದಾರೆ. ಮನೆಯಲ್ಲಿ ಎಲ್ಲರೂ ಅವನನ್ನು ಗದರುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ. "ಮಾವ, ನೀವು ಕಣ್ಣಾರೆ ನೋಡಿದ್ದೀರಾ?" ಅಂತ ಕೇಳುವ ಹುಡುಗನಿಗೆ ಗದರಿದರೆ ಏನು ಸಿಕ್ಕಿತು? ನೋಡಬಹುದಾದದ್ದನ್ನು ಹೋಗಿ ನೋಡೋಣ ಅಂದೆ. ಹೊರಟೆವು.

ಮಂಗಳೂರಿನಲ್ಲಿ ಬೆಳಿಗ್ಗೆ ಬನ್ಸ್ ತಿಂದು, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಪಿಲಿಕುಳಕ್ಕೆ ಹೋದೆವು. ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ತೆರೆದದ್ದು. ತ್ರೀಡಿ ಕನ್ನಡಕ ಹಾಕಿಕೊಂಡು ಕೂತರೆ ಇಡೀ ಆಕಾಶ ತಲೆ ಮೇಲೆ ತಿರುಗುತ್ತದೆ. ಹುಡುಗ ಖುಷಿಪಟ್ಟ. ಆದರೆ ಹೊರಗೆ ಬಂದ ತಕ್ಷಣ, "ಇದು ಪ್ರೊಜೆಕ್ಟರ್ ಅಲ್ವಾ ಮಾವ, ಏನು ಬೇಕಾದರೂ ತೋರಿಸಬಹುದು" ಅಂದ. ಮಾತು ನಿಜವೇ. ಪರದೆ ಮೇಲೆ ಕಂಡದ್ದು ಸಾಕ್ಷಿಯಾಗುವುದಿಲ್ಲ. ಅದೇ ಕಟ್ಟುನಿಟ್ಟು ಆ ವಿಡಿಯೊಗಳಿಗೂ ಇರಲಿ ಅಂತ ಮಾತ್ರ ಹೇಳಿದೆ.

ಮಧ್ಯಾಹ್ನ ಉಡುಪಿ ಕಡೆಯ ಬಸ್ ಹತ್ತಿದೆವು. ಸುರತ್ಕಲ್ ದಾಟುವ ಹೊತ್ತಿಗೆ ಮಾತು ಉತ್ತರ ಧ್ರುವಕ್ಕೆ ಬಂದಿತ್ತು. ಧ್ರುವಯಾತ್ರೆಗಳ ಬಗ್ಗೆ ಅನುಮಾನ ಹೊಸದಲ್ಲ. ನೂರು ವರ್ಷದಿಂದ ಇದೆ, ಹಲವು ಸಲ ಆ ಅನುಮಾನಕ್ಕೆ ಒಳ್ಳೆಯ ಆಧಾರವೂ ಇತ್ತು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಫ್ರೆಡರಿಕ್ ಕುಕ್ ಎಂಬ ಅಮೆರಿಕದ ವೈದ್ಯ 1908ರ ಏಪ್ರಿಲ್ 21ರಂದು ಉತ್ತರ ಧ್ರುವ ಮುಟ್ಟಿದೆ ಅಂದ. ಅದೇ ದೇಶದ ರಾಬರ್ಟ್ ಪಿಯರಿ, ಮುಟ್ಟಿದ್ದು ನಾನು, 1909ರ ಏಪ್ರಿಲ್ 6ರಂದು ಅಂದ. ಇಬ್ಬರ ಸುದ್ದಿಯೂ 1909ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದೊಳಗೆ ಬಂತು. ಪತ್ರಿಕೆಗಳು ಎರಡು ಬಣವಾದವು. ಕುಕ್‌ನ ದಾಖಲೆಗಳನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯ ಪರಿಶೀಲಿಸಿತು. ಆ ಡಿಸೆಂಬರ್‌ನಲ್ಲೇ, ಇವುಗಳಲ್ಲಿ ಧ್ರುವ ಮುಟ್ಟಿದ್ದಕ್ಕೆ ಪುರಾವೆ ಇಲ್ಲ ಎಂದು ಹೇಳಿತು. ಅದಕ್ಕೂ ಮೊದಲು ಅಲಾಸ್ಕಾದ ಮೆಕಿನ್ಲಿ ಶಿಖರ ಹತ್ತಿದೆ ಅಂತ ಅವನು ಹೇಳಿದ್ದೂ ಸುಳ್ಳೆಂದು ತೀರ್ಮಾನವಾಯಿತು.

ಪಿಯರಿಯದ್ದು ಇನ್ನೂ ಗೋಜಲು. ಅವನ ಜೊತೆ ಕೊನೆಯವರೆಗೆ ಹೋದವರು ಮ್ಯಾಥ್ಯೂ ಹೆನ್ಸನ್ ಎಂಬ ಕಪ್ಪು ಅಮೆರಿಕನ್ ಮತ್ತು ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ನಾಲ್ವರು ಇನ್ಯುಯಿಟ್ ಜನ. ಸೂರ್ಯನ ಎತ್ತರ ಅಳೆದು ಜಾಗ ಲೆಕ್ಕಹಾಕಬಲ್ಲ ಕ್ಯಾಪ್ಟನ್ ಬಾರ್ಟ್ಲೆಟ್‌ನನ್ನು ಧ್ರುವಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಇರುವಾಗಲೇ ಪಿಯರಿ ವಾಪಸ್ ಕಳಿಸಿದ. ಆಮೇಲೆ ಅವನೇ ಬರೆದ ವೇಗ ಅದುವರೆಗಿನ ವೇಗದ ಎರಡು ಪಟ್ಟು. ಹಿಮದ ದಿಬ್ಬಗಳ ಮೇಲೆ ನಾಯಿಗಾಡಿ ಹೀಗೆ ಓಡೀತಾ? ವಾಲಿ ಹರ್ಬರ್ಟ್ 1969ರಲ್ಲಿ ನಾಯಿಗಾಡಿಗಳ ಜೊತೆ ಉತ್ತರ ಧ್ರುವ ದಾಟಿದವನು. ಅವನೇ ಪಿಯರಿಯ ಡೈರಿ ಓದಿ, 1989ರಲ್ಲಿ, ಪಿಯರಿ ಧ್ರುವ ಮುಟ್ಟಿರಲಿಲ್ಲ ಅನ್ನುವ ತೀರ್ಮಾನಕ್ಕೆ ಬಂದ. 1926ರಲ್ಲಿ ವಿಮಾನದಲ್ಲಿ ಉತ್ತರ ಧ್ರುವದ ಮೇಲೆ ಹಾರಿದೆ ಎಂದ ರಿಚರ್ಡ್ ಬರ್ಡ್‌ನ ಕಥೆಯೂ ಹೀಗೇ. 1996ರಲ್ಲಿ ಅವನ ಡೈರಿ ಹೊರಬಂತು. ಅದರಲ್ಲಿ, ಸೂರ್ಯನ ಎತ್ತರ ಅಳೆಯುವ ಸೆಕ್ಸ್‌ಟಂಟ್ ಉಪಕರಣದ ಅಳತೆಗಳನ್ನು ಅಳಿಸಿದ ಗುರುತುಗಳಿದ್ದವು.

ಹುಡುಗನ ಮುಖ ಅರಳಿತು. "ನಾನು ಹೇಳಿದ್ದೇ ಇದು!"

"ಇದಲ್ಲ. ಇವರನ್ನು ಹಿಡಿದವರು ಯಾರು ನೋಡು. ಬೇರೆ ಧ್ರುವಯಾತ್ರಿಗಳೇ, ಅಳತೆ ಗೊತ್ತಿದ್ದವರೇ ಹಿಡಿದರು. ವೇಗ ಎಷ್ಟು, ಡೈರಿ ಎಲ್ಲಿ, ಯಾರು ಅಳೆದರು ಅಂತ ಒಂದೊಂದಾಗಿ ಕೇಳಿದರು. ನಿನ್ನ ಗೋಡೆ ನೋಡಿದವರ ಡೈರಿ ಎಲ್ಲಿದೆ?"

ಅವನು ಕಿಟಕಿಯಾಚೆ ನೋಡುತ್ತ ಕೂತ. ಪಡುಬಿದ್ರಿ ಬಂತು. ಸ್ವಲ್ಪ ಹೊತ್ತಿಗೆ ಕಾಪುವಿನಲ್ಲಿ ಇಳಿದು, ರಿಕ್ಷಾ ಹಿಡಿದು ಕಡಲ ತೀರಕ್ಕೆ ಹೋದೆವು.

ಕಾಪುವಿನ ದೀಪಸ್ತಂಭವನ್ನು 1901ರಲ್ಲಿ ಕಟ್ಟಿದ್ದು. ಗೋಪುರದ ಎತ್ತರ ಸುಮಾರು 27 ಮೀಟರ್. ಬಂಡೆಯ ಮೇಲೆ ನಿಂತಿರುವುದರಿಂದ ಇನ್ನೂ ಎತ್ತರ ಕಾಣುತ್ತದೆ. ಸಂಜೆ ಹೊತ್ತು ಟಿಕೆಟ್ ತೆಗೆದುಕೊಂಡು ಮೇಲೆ ಹತ್ತಬಹುದು. ನಾನು ಇಷ್ಟು ದೂರ ಕರೆದುಕೊಂಡು ಬಂದದ್ದು ಇದಕ್ಕಾಗಿಯೇ. ಅವನು ಮೇಲೆ ಹತ್ತಬೇಕು, ನಾನು ಕೆಳಗೆ ಮರಳಿನಲ್ಲಿ ನೀರಿನ ಅಂಚಿಗೆ ಕೂರಬೇಕು. ಇಬ್ಬರೂ ಫೋನ್‌ನಲ್ಲಿ ಮಾತಾಡುತ್ತ ಸೂರ್ಯ ಮುಳುಗುವುದನ್ನು ನೋಡಬೇಕು. ಭೂಮಿ ಗುಂಡಗಿದ್ದರೆ ಎತ್ತರದಲ್ಲಿ ನಿಂತವನಿಗೆ ಸೂರ್ಯ ಸ್ವಲ್ಪ ತಡವಾಗಿ ಮುಳುಗಬೇಕು. ಈ ಎತ್ತರಕ್ಕೆ ಅರ್ಧ ನಿಮಿಷಕ್ಕಿಂತ ತುಸು ಜಾಸ್ತಿ. ಹತ್ತುವ ಮೊದಲೇ ಅವನ ಕೈಯಲ್ಲಿ ಈ ಲೆಕ್ಕ ಮಾಡಿಸಿದೆ. ನೋಡಿದ ಮೇಲೆ ಯಾರೂ ಮಾತು ಬದಲಿಸಬಾರದು ನೋಡಿ.

ಮೋಡ ಇರಲಿಲ್ಲ. ಸೂರ್ಯ ನೇರ ಪಶ್ಚಿಮಕ್ಕಿಂತ ಸಾಕಷ್ಟು ಎಡಕ್ಕೆ, ದಕ್ಷಿಣದ ಕಡೆಗೆ ಇಳಿಯುತ್ತಿದ್ದ. ಕೆಳಗಿನ ಅಂಚು ನೀರು ಮುಟ್ಟಿತು. ದೂರ ಹೋಗಿ ಹೋಗಿ ಸೂರ್ಯ ಚಿಕ್ಕದಾಗಿ ಕಾಣದಾಗುತ್ತಾನೆ ಅಂತ ಆ ವಿಡಿಯೊಗಳು ಹೇಳುತ್ತವೆ. ನನ್ನ ಕಣ್ಣ ಮುಂದಿದ್ದ ಸೂರ್ಯ ಚಿಕ್ಕದಾಗಲಿಲ್ಲ. ಅಷ್ಟೇ ಅಗಲವಾಗಿದ್ದು ಕೆಳಗಿನಿಂದ ಕತ್ತರಿಸುತ್ತ ಹೋಯಿತು. ಕೊನೆಯ ಕೆಂಪು ಚೂರು ಹೋದಾಗ "ಹೋಯಿತು" ಅಂದೆ.

"ಇಲ್ಲ ಮಾವ, ಇನ್ನೂ ಇದೆ! ಇದೆ, ಇದೆ..." ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಆಮೇಲೆ ನಿಧಾನವಾಗಿ, "ಈಗ ಹೋಯಿತು."

ಕೆಳಗಿಳಿದು ಬಂದವನ ಮೊದಲ ಮಾತು: "ಹಾಗಾದರೆ ಈಗ ದಕ್ಷಿಣ ಧ್ರುವದಲ್ಲಿ?" ಈಗ ಅಲ್ಲಿ ಮುಳುಗುವುದೇ ಇಲ್ಲ. ಡಿಸೆಂಬರ್ ಕೊನೆಗೆ ನಮ್ಮ ಮಂಗಳೂರಿನ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ. ದಕ್ಷಿಣಕ್ಕೆ ಹೋದಷ್ಟೂ ಹಗಲು ಉದ್ದವಾಗುತ್ತ, ಅಂಟಾರ್ಕ್ಟಿಕಾದ ಒಳಗೆ 24 ಗಂಟೆಯೂ ಸೂರ್ಯ. ಚಪ್ಪಟೆ ಭೂಮಿಯ ನಕ್ಷೆಯಲ್ಲಿ ಇದಕ್ಕೆ ಜಾಗವೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಭೂಮಿ ಚಪ್ಪಟೆ ಎಂದು ವಾದಿಸುವ ಕೆಲವರನ್ನೇ ಅಂಟಾರ್ಕ್ಟಿಕಾದ ಯೂನಿಯನ್ ಗ್ಲೇಸಿಯರ್‌ಗೆ ಕರೆದೊಯ್ದಿದ್ದರು. ಸೂರ್ಯ ಮುಳುಗದೆ ಸುತ್ತುವುದನ್ನು ನೋಡಿ ಅವರಲ್ಲೊಬ್ಬರು ಕ್ಯಾಮೆರಾ ಮುಂದೆಯೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳಲು ಧೈರ್ಯ ಬೇಕು. ಆ ಮನುಷ್ಯನ ಮೇಲೆ ನನಗೆ ಗೌರವ ಇದೆ.

ರಾತ್ರಿ ಉಡುಪಿಯಲ್ಲಿ ತಂಗಿದೆವು. ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ಊಟ ಮುಗಿಸಿ, ಉಳಿದ ಪ್ರಶ್ನೆಗಳನ್ನು ತೆಗೆದ. ಧ್ರುವದಲ್ಲಿ ದೊಡ್ಡ ತೂತು ಇದೆ ಅನ್ನುವ ಉಪಗ್ರಹ ಚಿತ್ರ ಅವನ ಮೊಬೈಲಿನಲ್ಲಿತ್ತು. ಅದು 1968ರದ್ದು, ಎಸ್ಸಾ-7 ಎಂಬ ಅಮೆರಿಕದ ಹವಾಮಾನ ಉಪಗ್ರಹದ್ದು. ಚಿತ್ರ ನಿಜ. ಆದರೆ ಅದು ಒಂದೇ ಸಲ ತೆಗೆದದ್ದಲ್ಲ, ಇಡೀ ದಿನದ ತುಣುಕುಗಳನ್ನು ಸೇರಿಸಿದ್ದು. ತೆಗೆದದ್ದು ನವೆಂಬರ್‌ನಲ್ಲಿ. ಆಗ ಉತ್ತರ ಧ್ರುವದಲ್ಲಿ ಸೂರ್ಯನೇ ಇಲ್ಲ. ಬೆಳಕಿಲ್ಲದ ಜಾಗ ಕಪ್ಪಾಗಿ ಬಂದಿದೆ, ಅಷ್ಟೇ.

ಅಂಟಾರ್ಕ್ಟಿಕ ಒಪ್ಪಂದದ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಎಲ್ಲ ದೇಶ ಸೇರಿ ಬಾಗಿಲು ಮುಚ್ಚಿವೆ ಅನ್ನುವುದಕ್ಕೆ ಅದನ್ನೇ ಪುರಾವೆಯಾಗಿ ತೋರಿಸುತ್ತಾರೆ. 1959ರ ಡಿಸೆಂಬರ್ 1ರಂದು 12 ದೇಶಗಳು ಸಹಿ ಹಾಕಿದವು. ಅದರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಇದ್ದವು. ಒಬ್ಬರನ್ನೊಬ್ಬರು ಕಂಡರಾಗದ ಕಾಲ ಅದು. ಒಪ್ಪಂದದಲ್ಲಿ ಇರುವುದು ಸೈನಿಕ ಕಾರ್ಯಾಚರಣೆ, ಅಣುಬಾಂಬ್ ಪರೀಕ್ಷೆ ಬೇಡ ಅನ್ನುವ ಮಾತು, ಜೊತೆಗೆ ಒಬ್ಬರ ನೆಲೆಗೆ ಇನ್ನೊಬ್ಬರು ಯಾವಾಗ ಬೇಕಾದರೂ ಹೋಗಿ ತಪಾಸಣೆ ಮಾಡಬಹುದು ಅನ್ನುವ ಹಕ್ಕು. ಮುಚ್ಚಿಡುವವರು ಎದುರಾಳಿಗೆ ಇಂಥ ಹಕ್ಕು ಕೊಡುತ್ತಾರಾ? ಇವತ್ತು ಪ್ರತಿ ವರ್ಷ ಹತ್ತಾರು ಸಾವಿರ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಅನುಮತಿ ಬೇಕು ನಿಜ, ಅದು ಪರಿಸರ ಕೆಡದಿರಲಿ ಅಂತ.

ಮರುದಿನ ಬೆಳಿಗ್ಗೆ ಮಲ್ಪೆ. ಮೊದಲು ಮೀನುಗಾರಿಕೆ ಬಂದರಿನೊಳಗೆ ಒಂದು ಸುತ್ತು ಹಾಕಿದೆವು. ಬಲೆ ನೋಡುತ್ತಿದ್ದ ಹಿರಿಯ ತಾಂಡೇಲರೊಬ್ಬರು, ಅಂದರೆ ಬೋಟ್ ನಡೆಸುವವರು, ಮಾತಿಗೆ ಸಿಕ್ಕರು. ಹುಡುಗನೇ ಕೇಳಿದ, "ಅಣ್ಣ, ಬೋಟಿನಲ್ಲಿ ದೂರ ಹೋದರೆ ದಡ ಹೇಗೆ ಕಾಣದಾಗುತ್ತದೆ?"

"ಮೊದಲು ಮರಳು ಹೋಗ್ತದೆ ಮಾರಾಯ. ಮತ್ತೆ ಮನೆಗಳು. ತೆಂಗಿನ ತಲೆ ಸ್ವಲ್ಪ ಹೊತ್ತು ಉಂಟು. ಅದೂ ಹೋದ ಮೇಲೆ ಘಟ್ಟ ಮಾತ್ರ. ಜಿಪಿಎಸ್ ಇಲ್ಲದ ಕಾಲದಲ್ಲಿ ನಾವು ಘಟ್ಟ ನೋಡಿಯೇ ಬಂದದ್ದು."

ಕುದುರೆಮುಖಕ್ಕೆ ಆ ಹೆಸರು ಬಂದದ್ದೂ ಅದರ ಆಕಾರದಿಂದ, ಕಡಲಿನಿಂದ ನೋಡುವವರಿಗೆ ಅದು ಗುರುತಾಗಿತ್ತು ಅನ್ನುತ್ತಾರೆ. ಹುಡುಗ ತಾಂಡೇಲರ ಜೊತೆ ಇನ್ನೂ ತುಂಬ ಹೊತ್ತು ಮಾತಾಡಿದ, ಇಂಜಿನ್ ಬಗ್ಗೆಯೂ ಸೇರಿ. ನಾನು ಬಿಟ್ಟುಬಿಟ್ಟೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಸುಮಾರು 6 ಕಿಲೋಮೀಟರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದಕ್ಕಿಂತ ದೊಡ್ಡ ಕಥೆ ಅಲ್ಲಿನ ಕಲ್ಲುಗಳದ್ದು. ಹೆಚ್ಚಿನವು ಆರು ಮೂಲೆಯ ಕಂಬಗಳು, ಒತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಹೀಗೆ ಸೀಳಿದೆ. ಅದಕ್ಕೂ ಮುಂಚೆಯೇ ಅಂಟಾರ್ಕ್ಟಿಕಾ ನಮ್ಮಿಂದ ಕಳಚಿಕೊಂಡಿತ್ತು. ಒಂದು ಕಾಲಕ್ಕೆ ಮೂರೂ ಒಟ್ಟಿಗಿದ್ದ ನೆಲ, ಗೊಂಡ್ವಾನಾ.

ಆ ಕಂಬಗಳ ಮೇಲೆ ಕೂತು ಅವನಿಗೆ ಸ್ಕಾಟ್‌ನ ಕಥೆ ಹೇಳಿದೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನಾರ್ವೆಯ ಅಮುಂಡ್ಸನ್ 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ. ಪಿಯರಿ-ಕುಕ್ ಜಗಳ ಅವನಿಗೆ ಗೊತ್ತಿತ್ತು. ಅದಕ್ಕೇ ಅಲ್ಲಿ ದಿನಗಟ್ಟಲೆ ಉಳಿದು ಸೂರ್ಯನನ್ನು ಮತ್ತೆ ಮತ್ತೆ ಅಳೆದ, ಬೇರೆ ಬೇರೆ ದಿಕ್ಕಿಗೆ ಜನರನ್ನು ಕಳಿಸಿ ಗುರುತು ನೆಡಿಸಿದ, ಒಂದು ಗುಡಾರ ಬಿಟ್ಟುಬಂದ. 1912ರ ಜನವರಿ 17ರಂದು ಇಂಗ್ಲೆಂಡಿನ ಸ್ಕಾಟ್ ನಾಲ್ವರ ಜೊತೆ ಅಲ್ಲಿಗೆ ಬಂದ, ಮರುದಿನ ಆ ಗುಡಾರ ಕಂಡ. ಸೋತ ಮನುಷ್ಯ, ಎದುರಾಳಿ ಗೆದ್ದ ಅಂತ ತನ್ನ ಡೈರಿಯಲ್ಲೇ ಬರೆದ. ವಾಪಸ್ ಬರುವಾಗ ಐವರೂ ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಅವರ ಕೊನೆಯ ಗುಡಾರ ಸಿಕ್ಕಿತು. ಅದರಲ್ಲಿ ಸ್ಕಾಟ್ ಸೇರಿ ಮೂವರ ದೇಹ, ಡೈರಿಗಳು ಇದ್ದವು. ಜೊತೆಗೆ ಸುಮಾರು 16 ಕಿಲೋ ಕಲ್ಲು.

"ಕಲ್ಲಾ?" ಅಂದ ಹುಡುಗ.

ಹೌದು. ಹಸಿವಿನಿಂದ, ಚಳಿಯಿಂದ ಸಾಯುತ್ತಿದ್ದವರು ಆ ಭಾರವನ್ನು ಬಿಸಾಡಲಿಲ್ಲ, ಕೊನೆಯವರೆಗೂ ಎಳೆದರು. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಹಳೆಯ ಗಿಡದ ಎಲೆಗಳ ಅಚ್ಚು ಸಿಕ್ಕಿತು. ಅದೇ ಗಿಡದ ಪಳೆಯುಳಿಕೆ ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿಯೂ ಇದೆ. ಅಂಟಾರ್ಕ್ಟಿಕಾ, ಭಾರತ ಒಂದಾಗಿದ್ದವು ಅನ್ನುವುದಕ್ಕೆ ಅದೊಂದು ಸಾಕ್ಷಿ. ಆ ಐದು ಜನ ನಾಟಕ ಆಡಿದರು ಅಂತ ಯಾರಾದರೂ ಸುಮ್ನೆ ಕೂತು ವಿಡಿಯೊ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಪಿಯರಿಯನ್ನು ಅನುಮಾನಿಸಿ, ಬರ್ಡ್‌ನನ್ನು ಅನುಮಾನಿಸಿ. ಅದಕ್ಕೆ ಕಾಗದವಿದೆ, ಅಂಕಿ ಇದೆ. ಸತ್ತವರ ಡೈರಿ ತೆರೆದೂ ನೋಡದೆ ಸುಳ್ಳು ಅನ್ನಬೇಡಿ.

ವಾಪಸ್ ಬರುವ ದೋಣಿಯಲ್ಲಿ ಅವನು ನಮ್ಮವರ ಬಗ್ಗೆ ಕೇಳಿದ. ಭಾರತದ ಮೊದಲ ತಂಡ, ಡಾ. ಎಸ್.ಝಡ್. ಖಾಸಿಂ ನೇತೃತ್ವದಲ್ಲಿ 21 ಜನ, 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಇಳಿಯಿತು. ಈಗ ಅಲ್ಲಿ ಮೈತ್ರಿ, ಭಾರತಿ ಎಂಬ ಎರಡು ನೆಲೆಗಳು ನಡೆಯುತ್ತಿವೆ. ನೋಡಿಕೊಳ್ಳುವ ಸಂಸ್ಥೆ ಗೋವಾದ ವಾಸ್ಕೋದಲ್ಲಿದೆ, ಉಡುಪಿಯಿಂದ ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಹೋದರೆ ಅಲ್ಲಿಂದ ಹತ್ತಿರ. ವಿಜ್ಞಾನಿಗಳಷ್ಟೇ ಸಾಲದು. ಜನರೇಟರ್, ಹಿಮದ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್‌ಗಳು, ಅಡುಗೆಯವರು, ವೈದ್ಯರು ಎಲ್ಲರೂ ಬೇಕು. ಹೋಗುವ ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಉತ್ತರಾಖಂಡದ ಔಲಿಯ ಹಿಮದಲ್ಲಿ ತರಬೇತಿ.

"ಡಿಪ್ಲೊಮಾ ಮಾಡಿದವರನ್ನು ತಗೋತಾರಾ ಮಾವ?"

"ಮೆಕ್ಯಾನಿಕ್‌ಗಳನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತಾರೆ. ಅನುಭವ ಕೇಳುತ್ತಾರೆ."

ಮಲ್ಪೆಯಲ್ಲಿ ಇಳಿಯುವಷ್ಟರಲ್ಲಿ, ಡೀಸೆಲ್ ಇಂಜಿನ್ ಕೆಲಸ ಕಲಿಯಲು ಎಷ್ಟು ವರ್ಷ ಬೇಕು, ಮಂಗಳೂರಿನಲ್ಲಿ ಎಲ್ಲಿ ಸೇರಬಹುದು ಅಂತ ಕೇಳತೊಡಗಿದ್ದ. ಬಂದರಿನ ಆ ತಾಂಡೇಲರನ್ನೇ ಮೊದಲು ಕೇಳೋಣ ಅಂತ ಅತ್ತ ನಡೆದೆವು.