ಸರದಿಯ ಮೇಲೆ ನಿಂತ ಊರು: ಪಿತೋಂಯ್ಶ್‌ನಲ್ಲಿ ಒಂದು ದಿನ

ಪಿತೋಂಯ್ಶ್ ದಶ್ ಜೂನಿಯಶ್ ಇರುವುದು ಪೋರ್ಚುಗಲ್ಲಿನ ಉತ್ತರದ ಅಂಚಿನಲ್ಲಿ, ಸ್ಪೇನಿನ ಗಲೀಸಿಯ ಗಡಿಯ ಪಕ್ಕಕ್ಕೆ, ಸುಮಾರು 1,100 ಮೀಟರ್ ಎತ್ತರದಲ್ಲಿ. 1971ರಲ್ಲಿ ಘೋಷಣೆಯಾದ ಪೆನೇಡಾ-ಜೆರೇಶ್ ಆ ದೇಶದ ಏಕೈಕ ರಾಷ್ಟ್ರೀಯ ಉದ್ಯಾನ. ಊರು ಅದರ ಪೂರ್ವದ ತುದಿಯಲ್ಲಿದೆ. ವರ್ಷವಿಡೀ ಅಲ್ಲೇ ಉಳಿಯುವವರು ಇನ್ನೂರು ಮಂದಿಯೂ ಇಲ್ಲ. ಆಗಸ್ಟಿನಲ್ಲಿ ಹೋದವರಿಗೆ ಇದು ಗೊತ್ತಾಗುವುದಿಲ್ಲ. ಫ್ರಾನ್ಸಿಗೋ ಸ್ವಿಟ್ಜರ್ಲೆಂಡಿಗೋ ದುಡಿಯಲು ಹೋದ ಮನೆಮಕ್ಕಳು ಆಗ ರಜೆಗೆ ಬಂದಿರುತ್ತಾರೆ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಕೊನೆ ಹೋಗುವುದಕ್ಕೆ ಒಳ್ಳೆಯ ಕಾಲ. "ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ" ಎಂದು ಈ ಸೀಮೆಯವರೇ ತಮ್ಮ ಹವೆಯ ಬಗ್ಗೆ ಹೇಳಿಕೊಳ್ಳುತ್ತಾರೆ.

ಉತ್ತರ ಪೋರ್ಚುಗಲ್ಲಿನ ಬ್ರಾಗ ನಗರದಿಂದ ಎನ್-103 ರಸ್ತೆ ಹಿಡಿದರೆ ಅಣೆಕಟ್ಟುಗಳ ಹಿನ್ನೀರನ್ನು ಕೆಳಗೆ ಬಿಡುತ್ತ ಹತ್ತುವ ದಾರಿ. ಕಿಲೋಮೀಟರ್ ನೋಡಿ ಹೊತ್ತು ಲೆಕ್ಕ ಹಾಕಬೇಡಿ. ತಿರುವುಗಳೇ ಹೆಚ್ಚು, ಎರಡು ಗಂಟೆ ಇಟ್ಟುಕೊಳ್ಳಿ. ಈ ಭಾಗದ ಬಸ್ಸುಗಳು ಹೆಚ್ಚಾಗಿ ಶಾಲೆಯ ಸಮಯಕ್ಕೆ ಹೊಂದಿಕೊಂಡು ಓಡುವುದರಿಂದ ಬಾಡಿಗೆ ಕಾರೇ ಗತಿ. ಬಲಬದಿಯ ಸಂಚಾರ, ಗೇರಿನ ಕಾರುಗಳೇ ಜಾಸ್ತಿ. ನಮ್ಮ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರವಾನಗಿಯನ್ನೂ ಊರಲ್ಲೇ ಮಾಡಿಸಿಕೊಂಡು ಬರುವುದು ಲೇಸು. ಪೆಟ್ರೋಲು, ನಗದು ಎರಡನ್ನೂ ಬ್ರಾಗದಲ್ಲಿ ಅಥವಾ ತಾಲೂಕು ಕೇಂದ್ರ ಮೊಂತಾಲೆಗ್ರೆಯಲ್ಲಿ ಮುಗಿಸಿಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ನೆರಳಿನ ತಿರುವುಗಳಲ್ಲಿ ಹೆಪ್ಪುಗಟ್ಟಿದ ನೀರಿರುತ್ತದೆ, ಹತ್ತು ಗಂಟೆಗೆ ಮೊದಲು ಆ ಏರು ಹತ್ತದಿದ್ದರೆ ಒಳ್ಳೆಯದು. ಇನ್ನೊಂದು ಮಾತು: ಮೊಬೈಲಿನ ನಕ್ಷೆ ಕಾರನ್ನು ಊರೊಳಗಿನ ಓಣಿಗೆ ನುಗ್ಗಿಸುತ್ತದೆ. ಆ ಓಣಿಗಳ ಅಗಲ ಎತ್ತಿನ ಗಾಡಿಗೆ ಅಳೆದದ್ದು. ಒಳಗೆ ಹೋದರೆ ತಿರುಗಿಸಲು ಜಾಗವಿಲ್ಲ. ಊರ ಬಾಯಲ್ಲೇ ನಿಲ್ಲಿಸಿ ನಡೆಯಿರಿ.

ಮನೆಗಳು ಗ್ರಾನೈಟ್ ಕಲ್ಲಿನವು. ಕೆಳಗೆ ಕೊಟ್ಟಿಗೆ, ಮೇಲೆ ಮನುಷ್ಯರು. ದನಗಳ ಮೈಶಾಖ ಮೇಲಿನ ಕೋಣೆಗೆ ಏರುತ್ತಿತ್ತು. ಹಿಂದೆ ಮಾಡಿಗೆ ರೈ ಎಂಬ ಧಾನ್ಯದ ಹುಲ್ಲು ಹೊದಿಸುತ್ತಿದ್ದರು, ಈಗ ಹೆಂಚು. ಬಂದವರು ಹೆಚ್ಚಾಗಿ ಈ ಕಲ್ಲುಗೋಡೆಗಳ ಫೋಟೋ ತೆಗೆದು ಹೊರಟುಬಿಡುತ್ತಾರೆ. ಅದಕ್ಕಿಂತ ಅರ್ಧ ಗಂಟೆ ಊರ ಒಲೆಯ ಹತ್ತಿರ ಕಳೆಯಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಬರ್ರೋಜು ಎಂಬ ಈ ಸೀಮೆಯ ಹಳ್ಳಿಗಳಲ್ಲಿ ರೊಟ್ಟಿ ಸುಡುವ ಒಲೆ ಯಾರದೂ ಸ್ವಂತದ್ದಲ್ಲ, ಊರಿನದು. ಮನೆಮನೆಗೆ ಸರದಿ ಇತ್ತು. ಇಷ್ಟು ದಪ್ಪ ಕಲ್ಲಿನ ಒಲೆ ತಣ್ಣಗಾಗಿದ್ದರೆ ಮೊದಲು ಹಚ್ಚಿದವರ ಸೌದೆಯಲ್ಲಿ ಬಹುಪಾಲು ಕಲ್ಲನ್ನು ಕಾಯಿಸುವುದಕ್ಕೇ ಹೋಗುತ್ತದೆ. ಮರುದಿನದವರಿಗೆ ಸ್ವಲ್ಪ ಸಾಕು. ಒಲೆ ಆರದೆ ಉರಿಯುತ್ತಿದ್ದರೆ ಎಲ್ಲರಿಗೂ ಅಗ್ಗ. ಮನೆಗಳು ಖಾಲಿಯಾದಂತೆ ಸರದಿಯ ನಡುವೆ ದಿನಗಳು ಬೀಳುತ್ತವೆ, ಒಲೆ ತಣಿಯುತ್ತದೆ, ಪ್ರತಿ ಸಲವೂ ಪೂರ್ತಿ ಸೌದೆ ಬೇಕಾಗುತ್ತದೆ. ಜನ ಕಡಿಮೆಯಾದದ್ದರಿಂದ ಒಲೆ ನಿಂತದ್ದು ಹೀಗೆ. ಆಸೆ ತೀರಿ ಅಲ್ಲ.

ಮೇವಿನ ಕಥೆಯೂ ಇದೇ. ಊರಿನ ಎಲ್ಲ ಮನೆಗಳ ಕುರಿ-ಮೇಕೆಗಳನ್ನೋ ದನಗಳನ್ನೋ ಒಂದೇ ಮಂದೆ ಮಾಡಿ, ಯಾರ ಮನೆಯಲ್ಲಿ ಎಷ್ಟು ತಲೆಯೋ ಅದಕ್ಕೆ ತಕ್ಕಷ್ಟು ದಿನ ಕಾಯುವ ಪದ್ಧತಿಗೆ ವೆಜೈರಾ ಎನ್ನುತ್ತಾರೆ. ಮನೆಗೊಂದು ದಿನ ಎಂದಿಟ್ಟುಕೊಂಡರೆ, ನಲವತ್ತು ಮನೆಗಳಿದ್ದಾಗ ನಲವತ್ತು ದಿನಕ್ಕೊಮ್ಮೆ ಸರದಿ, ಎಂಟೇ ಉಳಿದರೆ ಎಂಟು ದಿನಕ್ಕೊಮ್ಮೆ. ಆಗ ಬೇಲಿಯೇ ಸುಲಭ. ನಮ್ಮ ಊರ ಬಸವನಂತೆ ಇಲ್ಲೂ ಊರಿಗೊಂದು ಹೋರಿ ಇರುತ್ತಿತ್ತು. ಅದಕ್ಕೇ ಬೇರೆ ಕೊಟ್ಟಿಗೆ, ಬೇರೆ ಹುಲ್ಲುಗದ್ದೆ. ಮೇಯಿಸುವ ಬೆಟ್ಟ ಬಾಲ್ದಿಯು, ಅಂದರೆ ಊರೊಟ್ಟಿನ ಗೋಮಾಳ. 1938ರ ಅರಣ್ಯ ಯೋಜನೆಯ ನಂತರ ಸರ್ಕಾರ ಇಂಥ ಗೋಮಾಳಗಳಲ್ಲಿ ಪೈನ್ ನೆಡಿಸಿತು, ಮಂದೆಗಳಿಗೆ ಜಾಗ ಕಿರಿದಾಯಿತು; 1976ರ ಕಾನೂನು ಅವನ್ನು ಊರಿನವರಿಗೆ ಮರಳಿಸಿತು. ಬರ್ರೋಜುವಿನ ಈ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿದೆ.

ಊರ ಸುತ್ತಲಿನ ಹಸಿರು ಹುಲ್ಲುಗದ್ದೆಗಳಿಗೆ ಕಾಲಿಡಬೇಡಿ. ಚಳಿಗಾಲದಲ್ಲಿ ಇವುಗಳ ಮೇಲೆ ತೆಳುವಾಗಿ ನೀರು ಹರಿಯಬಿಡುತ್ತಾರೆ; ಹರಿಯುವ ನೀರು ಹುಲ್ಲಿಗೆ ಹಿಮ ಕಚ್ಚದಂತೆ ಕಾಯುತ್ತದೆ. ಅದಕ್ಕಾಗಿ ತೋಡಿದ ಕಿರುಗಾಲುವೆಗಳ ಅಂಚು ಬೂಟಿನ ತುಳಿತಕ್ಕೆ ಕುಸಿದರೆ ನೀರು ಒಂದೇ ಕಡೆ ನುಗ್ಗುತ್ತದೆ, ಕೆಳಗಿನ ಪಟ್ಟಿ ಬರಿದಾಗುತ್ತದೆ. ದನಗಳ ಜೊತೆ ಕಾವಲು ನಾಯಿ ಇದ್ದರೆ ಓಡದೆ, ಮಂದೆಯನ್ನು ಸೀಳದೆ ದೂರದಿಂದ ಸುತ್ತಿ ಹೋಗಿ. ತೋಳಗಳಿರುವ ಬೆಟ್ಟವಿದು, ನಾಯಿಗಳು ತಮ್ಮ ಕೆಲಸ ಮಾಡುತ್ತಿರುತ್ತವೆ.

ಊರಿನಿಂದ ಇಳಿದು ಸಾಂತಾ ಮರಿಯಾ ದಶ್ ಜೂನಿಯಶ್ ಮಠ ಮತ್ತು ಜಲಪಾತ ನೋಡಿ ಬರಲು ಎರಡರಿಂದ ಎರಡೂವರೆ ಗಂಟೆ ಬೇಕು. ಹನ್ನೆರಡನೇ ಶತಮಾನದ ಈ ಮಠ ಮುಂದೆ ಸಿಸ್ಟರ್ಶಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಕೈಗೆ ಬಂತು. 1834ರಲ್ಲಿ ದೇಶದ ಸನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿಸಿದ ಮೇಲೆ ಪಾಳುಬಿತ್ತು. ತೊರೆಯ ಪಕ್ಕ ಕಣಿವೆಯ ತಳದಲ್ಲಿ ಅಡಗಿರುವುದರಿಂದ ಹತ್ತಿರ ಹೋಗುವವರೆಗೆ ಕಾಣಿಸುವುದಿಲ್ಲ. ಕಲ್ಲುಹಾಸಿನ ಮೇಲೆ ಪಾಚಿ ಇರುತ್ತದೆ, ಹಿಡಿತವಿರುವ ಬೂಟೇ ಬೇಕು. ಜಲಪಾತದ ಕಡೆಗಿನ ಮರದ ಮೆಟ್ಟಿಲು ಮಳೆಯಲ್ಲಿ ಇನ್ನೂ ಜಾರು. ಇಳಿಯುವುದು ಮೊದಲು, ಏರುವುದು ಕೊನೆಗೆ. ನೀರು, ಉಸಿರು ಎರಡನ್ನೂ ಉಳಿಸಿಕೊಳ್ಳಿ. ಬೇಸಿಗೆಯ ಕೊನೆಗೆ ಜಲಪಾತ ಸೊರಗಿರುತ್ತದೆ. ಕಾಳ್ಗಿಚ್ಚಿನ ಅಪಾಯ ಹೆಚ್ಚಿರುವ ದಿನಗಳಲ್ಲಿ ಕಾಡುದಾರಿಗಳನ್ನು ಮುಚ್ಚುವುದೂ ಉಂಟು. ತುರ್ತಿಗೆ 112.

ಊಟ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಇಲ್ಲಿನ ಹೆಮ್ಮೆ. ಸಸ್ಯಾಹಾರಿಗಳು "ಸೆಂ ಕಾರ್ನ್" (ಮಾಂಸವಿಲ್ಲದೆ) ಎಂದರೆ ಸಾಲದು. ಸೊಪ್ಪಿನ ಸೂಪಿನಲ್ಲೂ ಸಾಸೇಜ್ ಚೂರು ಇರಬಹುದು, ಬಿಡಿಸಿ ಕೇಳಿ. ರೈ ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಚೀಸ್, ಬರ್ರೋಜುವಿನ ಜೇನು ಹೊಟ್ಟೆ ತುಂಬಿಸುತ್ತವೆ. ಹಿರಿಯರಿಗೆ ಇಂಗ್ಲಿಷಿಗಿಂತ ಫ್ರೆಂಚ್ ಚೆನ್ನಾಗಿ ಬರುವುದು ಸಾಮಾನ್ಯ. ಗಡಿ ಹತ್ತಿರವಾದ್ದರಿಂದ ಮೊಬೈಲು ಸ್ಪೇನಿನ ಸಿಗ್ನಲ್ ಹಿಡಿದು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಬಹುದು. ಸಮಯ ತಾನಾಗಿ ಬದಲಾಗುವ ಸೆಟ್ಟಿಂಗನ್ನು ಹೊರಡುವ ಮೊದಲೇ ಆಫ್ ಮಾಡಿಬಿಡಿ.