ಹಾವಸೆ ಮತ್ತು 11 ಮಿಲಿಮೀಟರ್

ಆಗಸ್ಟ್ 9, 2024, ಶುಕ್ರವಾರ

ನಾಗರ ಪಂಚಮಿ. ಹಾಸ್ಟೆಲ್ ಅರ್ಧ ಖಾಲಿ. ಬ್ಯಾಕ್ಟೀರಿಯಾಕ್ಕೆ ಹಬ್ಬ ಹರಿದಿನ ಅಂತೇನಿಲ್ಲವಲ್ಲ, ನಿನ್ನೆ ಇನ್‌ಕ್ಯುಬೇಟರ್‌ನಲ್ಲಿಟ್ಟ ಪ್ಲೇಟುಗಳನ್ನು ಇವತ್ತೇ ನೋಡಬೇಕಿತ್ತು.

ಘಾಟಿ ರಸ್ತೆಯ ಧರೆಗಳ ಮೇಲೆ ಬೆಳೆಯುವ ಪೊಗೊನೇಟಮ್ ಅನ್ನೋ ಹಾವಸೆಯ ಮೆಥನಾಲ್ ಎಕ್ಸ್‌ಟ್ರ್ಯಾಕ್ಟ್, ಅಂದ್ರೆ ಮೆಥನಾಲ್‌ನಲ್ಲಿ ತೆಗೆದ ಸಾರ, ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನ ತೂತುಗಳಿಗೆ ಹಾಕಿದ್ದೆ. ಸ್ಟೆಫೈಲೊಕಾಕಸ್ ಪ್ಲೇಟಿನಲ್ಲಿ ತೂತಿನ ಸುತ್ತ ತಿಳಿಯಾದ ವೃತ್ತ ಬಂದಿದೆ, ಅಂದ್ರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ. ಸ್ಕೇಲ್ ಇಟ್ಟು ನೋಡಿದರೆ 11 ಮಿಮೀ, ಅದರಲ್ಲಿ ತೂತೇ 6. ಎಕ್ಸ್‌ಟ್ರ್ಯಾಕ್ಟ್ ಕರಗಿಸೋ ದ್ರಾವಕ ಡಿಎಂಎಸ್‌ಒ ಮಾತ್ರ ಹಾಕಿದ ಕಡೆ ವೃತ್ತ ಇಲ್ಲ, ಸಮಾಧಾನ. ಇ. ಕೋಲೈ ಮಾತ್ರ ತೂತಿನ ಅಂಚಿನವರೆಗೂ ಆರಾಮಾಗಿ ಬೆಳೆದಿದೆ. ಅದಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಒಳಗೆ ಹೋಗೋದು ಸುಲಭವಲ್ಲ. ಪಕ್ಕದಲ್ಲಿ ಹೋಲಿಕೆಗೆ ಇಟ್ಟ 10 ಮೈಕ್ರೊಗ್ರಾಂ ಜೆಂಟಾಮೈಸಿನ್ ಆ್ಯಂಟಿಬಯಾಟಿಕ್ ಬಿಲ್ಲೆ ದೊಡ್ಡ ವೃತ್ತ ಮಾಡಿಕೊಂಡು ಕೂತಿದೆ. ನಾನು ಹಾಕಿದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಈ ವ್ಯತ್ಯಾಸ ಮರೆತರೆ ಕಷ್ಟ.

ಇದರಲ್ಲಿ ನಿಜವಾದ ಕೆಲಸ ಅಂದ್ರೆ ತೊಳೆಯೋದು. ಹಾವಸೆಗೆ ನಿಜವಾದ ಬೇರಿಲ್ಲ, ಮೈಯೆಲ್ಲಾ ನೀರು ಕುಡಿಯುತ್ತೆ, ಮಣ್ಣನ್ನೂ ಹಿಡಿದುಕೊಳ್ಳುತ್ತೆ. ನಲ್ಲಿ ಕೆಳಗೆ ಹಿಡಿದು, ಚಿಮಟದಲ್ಲಿ ಒಂದೊಂದೇ ಗಿಡ ಬಿಡಿಸಿ, ಕೆಂಪು ಮಣ್ಣು, ಹುಲ್ಲಿನ ಬೇರು, ಸತ್ತ ಇರುವೆ ಎಲ್ಲ ತೆಗೀಬೇಕು. ಎಲೆಗಳ ಸಂದಿಯಲ್ಲಿ ಶಿಲೀಂಧ್ರವೂ ಇರುತ್ತೆ. ಅದನ್ನು ಬಿಟ್ಟರೆ ಬ್ಯಾಕ್ಟೀರಿಯಾ ಕೊಂದದ್ದು ಹಾವಸೆಯೋ ಅದರ ಬಾಡಿಗೆದಾರನೋ ಹೇಳೋಕಾಗಲ್ಲ.

ವರ್ಷಕ್ಕೆ ಆರು ತಿಂಗಳು ಒದ್ದೆಯಾಗೇ ಇದ್ದರೂ ಇದು ಯಾಕೆ ಕೊಳೆಯಲ್ಲ? ಇದರ ಮೇಲಿನ ಅನುಮಾನ ಅಲ್ಲಿಂದಲೇ ಶುರು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬ್ರಿಟಿಷರು ಸ್ಫ್ಯಾಗ್ನಮ್ ಹಾವಸೆಯನ್ನು ಒಣಗಿಸಿ ಗಾಯಕ್ಕೆ ಕಟ್ಟಿದ್ದರು. 1989ರಲ್ಲಿ ಪೊಗೊನೇಟಮ್‌ನ ದಾಯಾದಿ ಪಾಲಿಟ್ರೈಕಮ್‌ನಿಂದ ಒಹಾಯೋಎನ್ಸಿನ್ ಅನ್ನೋ ವಸ್ತು ಬೇರ್ಪಡಿಸಿದ ವರದಿ ಬಂತು. ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಅದು ಕೊಂದಿತ್ತು. ನಮ್ಮ ಧರೆಯ ಮೇಲಿನದ್ದನ್ನೂ ನೋಡೋಣ ಅಂತ ಹೊರಟಿದ್ದು ಅದಕ್ಕೇ.

ಸಂಜೆ ಹೀಲಾ ಅನ್ನೋ ಕ್ಯಾನ್ಸರ್ ಜೀವಕೋಶಗಳ ಎಂಟಿಟಿ ರೀಡಿಂಗ್ ತೆಗೆದೆ. ಎಷ್ಟು ಜೀವಕೋಶ ಬದುಕಿವೆ ಅಂತ ಬಣ್ಣದಿಂದ ನೋಡೋ ಪರೀಕ್ಷೆ ಇದು. ಹಳದಿ ಬಣ್ಣ ಹಾಕಿದರೆ ಬದುಕಿರುವ ಜೀವಕೋಶ ಅದನ್ನು ನೇರಳೆ ಮಾಡುತ್ತೆ. ಸತ್ತದ್ದು ಮಾಡಲ್ಲ. ಎಕ್ಸ್‌ಟ್ರ್ಯಾಕ್ಟ್ ಜಾಸ್ತಿ ಇದ್ದ ಗುಳಿಗಳಲ್ಲಿ ನೇರಳೆ ಚೆನ್ನಾಗೇ ಇಳಿದಿದೆ. ಆದರೆ ಇದರಲ್ಲೊಂದು ತಂಟೆ ಇದೆ. ಗಿಡದಲ್ಲಿರೋ ರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಜೀವಕೋಶವೇ ಇಲ್ಲದ ಗುಳಿಯಲ್ಲೂ ನೇರಳೆ ಬರಿಸುತ್ತವೆ. ಅದಕ್ಕೇ ಖಾಲಿ ಗುಳಿಗೂ ಎಕ್ಸ್‌ಟ್ರ್ಯಾಕ್ಟ್ ಹಾಕಿ, ಆ ಲೆಕ್ಕ ಕಳೆಯಬೇಕು. ಎಷ್ಟೋ ಪೇಪರ್‌ಗಳಲ್ಲಿ ಈ ಖಾಲಿ ಗುಳಿಯ ಮಾತೇ ಇರಲ್ಲ. ಓದುವಾಗ ನಾನು ಮೊದಲು ಹುಡುಕೋದು ಅದನ್ನೇ.

ರಾತ್ರಿ ಅತ್ತೆ ಫೋನ್ ಮಾಡಿದ್ರು. "ಕ್ಯಾನ್ಸರಿಗೆ ಮದ್ದು ಸಿಕ್ತಂತೆ, ಹೌದೇನೇ?" ಅಮ್ಮ ಹೇಳಿರಬೇಕು. ಇಲ್ಲ ಅತ್ತೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಜೀವಕೋಶ ಕೊಲ್ಲೋಕೆ ಫಿನಾಯಿಲೂ ಸಾಕು ಅಂದೆ. ಅವರಿಗೆ ಬೇಜಾರಾಯ್ತೇನೋ, ಚಕ್ಕಂತ ಪಾತೋಳಿ ವಿಷಯಕ್ಕೆ ಹೋದ್ರು.

ಸೋಮವಾರ ಆರೋಗ್ಯವಂತ ಜೀವಕೋಶಗಳ ಮೇಲೆ ಇದೇ ಎಕ್ಸ್‌ಟ್ರ್ಯಾಕ್ಟ್, ಇದೇ ಪ್ರಮಾಣದಲ್ಲಿ ಹಾಕಬೇಕು. ಅವೂ ಹೀಲಾ ಜೊತೆ ಒಂದೇ ಸಮ ಸತ್ತರೆ ಕ್ಯಾನ್ಸರ್ ಅಧ್ಯಾಯ ಅಲ್ಲಿಗೆ ಬಂದ್. ಸ್ಟೆಫೈಲೊಕಾಕಸ್ ಹಿಡ್ಕೊಂಡು ಮುಂದೆ ಹೋಗೋದು.